ಭಾನುವಾರದ ಹೊಗೆ

ನಮ್ಮ ದೊಡ್ಡಮ್ಮ ಈ ಲೋಕದಲ್ಲಿ ಪೂರ್ತಿಯಾಗಿ ನಂಬುತ್ತಿದ್ದುದು ಒಂದನ್ನೇ, ತಮ್ಮ ಮೂಗನ್ನು. ಡಾಕ್ಟರು, ಪಂಚಾಂಗ, ರೇಡಿಯೋದ ಹವಾಮಾನ ವರದಿ ಎಲ್ಲ ಅದರ ನಂತರ. ಸಾಂಬಾರಿಗೆ ಉಪ್ಪು ಸಾಕೋ ಬೇಕೋ ಎಂಬುದನ್ನು ರುಚಿ ನೋಡದೆ ಹೇಳುತ್ತಿದ್ದರು. ಹೆಣ್ಣು ನೋಡಲು ಬಂದ ಹುಡುಗ ಸಿಗರೇಟು ಸೇದುತ್ತಾನೆಂಬುದನ್ನು ಅವನು ಮೆಟ್ಟಿಲು ಹತ್ತುವ ಮೊದಲೇ ಹೇಳಿಬಿಡುತ್ತಿದ್ದರು. ಅಂಥವರ ಕಾರೇ ಕರಿಹೊಗೆ ಉಗುಳತೊಡಗಿದರೆ ಸುಮ್ಮನಿರುತ್ತಾರೆಯೇ?

ಉಡುಪಿ ಕಡೆಯ ದೊಡ್ಡಪ್ಪ, ದೊಡ್ಡಮ್ಮ ಕಲ್ಕತ್ತೆಯ ಸದರ್ನ್ ಅವೆನ್ಯೂ ಹತ್ತಿರ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. ಎಡರಂಗದ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಗೋಡೆಗಳ ತುಂಬ ಕೆಂಪು ಬರಹ, ಸಂಜೆಯಾದರೆ ಕರೆಂಟು ಮಾಯ. ನಾನು ದೊಡ್ಡಮ್ಮನ ತಂಗಿಯ ಮಗಳು, ಕಾಲೇಜಿಗೆ ಹತ್ತಿರವೆಂದು ಅವರ ಮನೆಯಲ್ಲೇ ಇದ್ದೆ. ಹಳೆಯ ಪೆಟ್ರೋಲ್ ಕಾರೊಂದಿತ್ತು, ಓಡಿಸುತ್ತಿದ್ದವರು ದೊಡ್ಡಪ್ಪ. ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಸೋತು, ಮಾತು ತೊದಲತೊಡಗಿದಾಗ ಎಲ್ಲರೂ ಕಾರು ಮಾರಿಬಿಡಿ ಎಂದರು. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು.

“ಬಸ್ಸು ಹತ್ಲಿಕ್ಕೆ ಇವ್ರಿಗೆ ಆಗುದಿಲ್ಲ. ಭಾನುವಾರ ದಕ್ಷಿಣೇಶ್ವರಕ್ಕೆ ಮತ್ತೆ ಹೋಗುದು ಹೇಗೆ?” ಇಷ್ಟೇ ಅವರ ವಾದ. ವಾರಕ್ಕೊಮ್ಮೆ ಅಲ್ಲಿಯ ಘಾಟಿನಲ್ಲಿ ಕುಳಿತು ಗಂಗೆಯ ದೋಣಿಗಳನ್ನು ನೋಡುವುದೊಂದೇ ದೊಡ್ಡಪ್ಪನಿಗೆ ಉಳಿದಿದ್ದ ಸುಖ.

ಮೊದಮೊದಲು ಕಾರು ನಾಲ್ಕು ರಸ್ತೆ ಕೂಡಿದಲ್ಲೆಲ್ಲ ನಿಂತುಬಿಡುತ್ತಿತ್ತು, ಒಮ್ಮೆಯಂತೂ ಟ್ರಾಮ್ ಹಳಿಯ ಮೇಲೆಯೇ. ಚಳಿಗಾಲ ಬರುವಷ್ಟರಲ್ಲಿ ಆ ಕಾಟ ತಪ್ಪಿತು. “ಕಂಡಿಯಾ? ನನ್ನ ಕೈ ಪಳಗಿತು” ಎಂದು ದೊಡ್ಡಮ್ಮ ಬೀಗಿದರು. ಕೈ ಪಳಗಿದ ಚಳಿಗಾಲದಲ್ಲೇ ಹೊಗೆಯೂ ಶುರುವಾಯಿತು.

ಎಂಥ ಹೊಗೆ ಅಂತೀರಿ! ಒಂದು ಭಾನುವಾರ ನಾವು ಮೆರವಣಿಗೆಯೊಂದರ ನಡುವೆ ಸಿಕ್ಕಿಕೊಂಡೆವು. ನಿಲ್ಲಿಸಿದರೆ ಮತ್ತೆ ಹೊರಡುತ್ತದೋ ಇಲ್ಲವೋ ಎಂಬ ಭಯಕ್ಕೆ ದೊಡ್ಡಮ್ಮ ಎಂಜಿನ್ ಆರಿಸಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಹಿಂದಿದ್ದವರ ಘೋಷಣೆ ಕೆಮ್ಮಾಗಿ ಮಾರ್ಪಟ್ಟಿತು. ಬಾವುಟ ಹಿಡಿದ ಯುವಕನೊಬ್ಬ ಕಿಟಕಿಗೆ ಬಗ್ಗಿ, “ಬೌದಿ, ಈ ಹೊಗೆ ಯಾವ ಪಕ್ಷದ್ದು?” ಎಂದು ಕೇಳಿದ. ಅಲ್ಲಿ ಅತ್ತಿಗೆಯನ್ನು ಬೌದಿ ಎನ್ನುತ್ತಾರೆ. ದೊಡ್ಡಮ್ಮ ತಮ್ಮ ಹರಕು ಬಂಗಾಳಿಯಲ್ಲಿ, “ಯಾವ ಪಕ್ಷವೂ ಸೇರಿಸಿಕೊಂಡಿಲ್ಲ ತಮ್ಮಾ” ಎಂದರು. ಅವನು ನಕ್ಕು ದಾರಿ ಬಿಡಿಸಿದ. ಮುಂದಿನ ತಿರುವಿನಲ್ಲಿದ್ದ ಟ್ರಾಫಿಕ್ ಪೊಲೀಸ್ ನಗಲಿಲ್ಲ. ಇನ್ನೊಮ್ಮೆ ಈ ಹೊಗೆ ಕಂಡರೆ ಗಾಡಿಯನ್ನು ರಸ್ತೆಗಿಳಿಯಲು ಬಿಡುವುದಿಲ್ಲ ಎಂದ.

ಕೆಳಗಿನ ಮನೆಯ ಬಂಗಾಳಿ ಯಜಮಾನರು ಬಾನೆಟ್ಟನ್ನು ತೆರೆಯದೆಯೇ ತೀರ್ಪು ಕೊಟ್ಟರು. “ಪಿಸ್ಟನ್ ರಿಂಗ್ ಹೋಗಿದೆ ಬೌದಿ. ಎಣ್ಣೆ ಸುಡುತ್ತಿದೆ. ಎಂಜಿನ್ ಬಿಚ್ಚಬೇಕು.” ಗ್ಯಾರೇಜಿನವನು ಇನ್ನೂ ಚುಟುಕಾಗಿ ಮುಗಿಸಿದ: “ಮಾರಿಬಿಡಿ.” ಆ ಮಾತು ಕೇಳಿದಾಗ ಕುರ್ಚಿಯಲ್ಲಿದ್ದ ದೊಡ್ಡಪ್ಪ ಮಂಕಿ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡರು.

ದೊಡ್ಡಮ್ಮ ಅಡುಗೆಮನೆಯಿಂದ ತೆಂಗಿನ ಹಾಲು ಹಿಂಡುವ ಬಿಳಿ ಬಟ್ಟೆ ತಂದು ಹೊಗೆಕೊಳವೆಯ ಬಾಯಿಗೆ ಹಿಡಿದರು. ಅಂಟಿದ ಮಸಿಯನ್ನು ಬೆರಳಲ್ಲಿ ತಿಕ್ಕಿದರು, ಮೂಸಿದರು.

“ಜಿಡ್ಡಿಲ್ಲ. ಎಣ್ಣೆ ಸುಟ್ರೆ ಹೊಗೆ ನೀಲಿ ಇರ್ತದೆ, ಮಸಿ ಜಿಡ್ಡು ಇರ್ತದೆ. ಇದು ಒಣ ಮಸಿ, ಪೆಟ್ರೋಲಿನ ವಾಸನೆ. ಒಲೆಗೆ ಸೌದೆ ತುರುಕಿ ಗಾಳಿ ಬಿಡದಿದ್ರೆ ಹೀಗೇ. ಇದಕ್ಕೆ ಉಸಿರು ಕಟ್ಟಿದೆ.”

ಏರ್ ಫಿಲ್ಟರ್ ಬಿಚ್ಚಿದರೆ ಅದರ ತುಂಬ ಧೂಳು, ಮನೆ ಹತ್ತಿರದ ಲೇಕಿನ ಕಡೆಯಿಂದ ಬೇಸಗೆಯಲ್ಲಿ ಹಾರಿಬಂದ ಬೂರುಗದ ಹತ್ತಿ. ಒಂದು ದಿಂಬಿಗೆ ಸಾಕಾಗುವಷ್ಟಿತ್ತು ಎಂದರೆ ನೀವು ನಂಬುವುದಿಲ್ಲ, ಇರಲಿ. ಹೊಸದು ಹಾಕಿಸಿದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ತೊಳೆಸಿದರು. ಪರೀಕ್ಷೆಗೆಂದು ಆ ವಾರವಿಡೀ ತರಕಾರಿ ತರಲು ನಾವಿಬ್ಬರೂ ಅದರಲ್ಲೇ ಹೋಗಿಬಂದೆವು. ಕಾರು ಒಂದೆರಡು ಕಡೆ ನಿಂತದ್ದನ್ನು ದೊಡ್ಡಮ್ಮ ಹೊಸ ಫಿಲ್ಟರಿನ ತಲೆಗೆ ಕಟ್ಟಿದರು. ಪ್ರತಿ ಸಲವೂ ಬಟ್ಟೆ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ದೊಡ್ಡಮ್ಮ ಕೆಳಗಿನ ಮನೆಯವರಿಗೆ ಬಟ್ಟೆಯನ್ನು ತೋರಿಸಿಯೂ ಬಂದರು.

ಭಾನುವಾರ ದೊಡ್ಡಪ್ಪನನ್ನು ಕೂರಿಸಿಕೊಂಡು ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಅದೇ ಕರಿಮೋಡ.

“ಇದೆಂತದು ಮಾರಾಯ್ತಿ, ಬಂಡಿಗೆ ಭಾನುವಾರದ ಕಾಯಿಲೆ?” ಎಂದರು ದೊಡ್ಡಮ್ಮ. ಥಟ್ಟನೆ ಅವರ ಮೂಗು ಅರಳಿತು. ವಾರವಿಡೀ ಇಲ್ಲದ್ದು, ಭಾನುವಾರ ಮಾತ್ರ ಇರುವುದು ಏನು? ಅವರು ಕಾರನ್ನು ಬದಿಗೆ ನಿಲ್ಲಿಸಿ, ಪಕ್ಕದ ಸೀಟಿನಲ್ಲಿದ್ದ ದೊಡ್ಡಪ್ಪನ ಶಾಲನ್ನು ಮೆಲ್ಲಗೆ ಸರಿಸಿದರು.

ಶಾಲಿನಡಿಯಿಂದ ಚಾಚಿದ ದೊಡ್ಡಪ್ಪನ ಬಲಗೈ ಚೋಕಿನ ಗುಂಡಿಯನ್ನು ಹಿಡಿದಿತ್ತು. ಎಂಜಿನ್ ತಣ್ಣಗಿರುವಾಗ ಹೊರಗೆ ಎಳೆಯುವ ಗುಂಡಿ ಅದು. ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚು ಹೋಗುತ್ತದೆ. ಎಂಜಿನ್ ಬಿಸಿಯಾದ ಕೂಡಲೇ ಒಳಗೆ ತಳ್ಳಬೇಕು, ಇಲ್ಲದಿದ್ದರೆ ಕರಿಹೊಗೆ. ದೊಡ್ಡಮ್ಮ ತಳ್ಳುತ್ತಿದ್ದರು, ದೊಡ್ಡಪ್ಪ ಶಾಲಿನ ಮರೆಯಲ್ಲಿ ಮತ್ತೆ ಎಳೆಯುತ್ತಿದ್ದರು.

“ಎಂತ ಮಾಡ್ತಿದ್ದೀರಿ ಇದು?”

“ಎಳೆದ್ರೆ... ನಿಲ್ಲುದಿಲ್ಲ ಬಂಡಿ” ಎಂದರು ದೊಡ್ಡಪ್ಪ, ಒಂದೊಂದೇ ಮಾತನ್ನು ಹುಡುಕಿಕೊಂಡು. “ಅವತ್ತು ಟ್ರಾಮ್ ಹಳಿ ಮೇಲೆ ನಿಂತಿತಲ್ಲ. ಎಲ್ಲ ಬೈದ್ರು. ನೀನು ಅತ್ತಿ. ನಂಗೆ ಇಳಿದು ದೂಡ್ಲಿಕ್ಕೆ... ಆಗ್ಲಿಲ್ಲ.”

ಅವತ್ತು ದೊಡ್ಡಮ್ಮ ಅತ್ತದ್ದು ಹಿಂದಿನ ಸೀಟಿನಲ್ಲಿದ್ದ ನನಗೇ ತಿಳಿದಿರಲಿಲ್ಲ.

ಅವರು ಬೈಯಲಿಲ್ಲ. ತಮ್ಮ ಕೈ ಪಳಗಿದ್ದರ ಗುಟ್ಟು ಈಗ ಗೊತ್ತಾಯಿತಲ್ಲ, ಆ ಮಾತನ್ನೂ ಎತ್ತಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡು, “ಹಾಗಾದ್ರೆ ಚೋಕ್ ನಿಮ್ಮದೇ ಕೆಲಸ” ಎಂದರು. “ಹೊರಡುವಾಗ ಎಳೀರಿ. ಬಿಸಿಯಾದ ಮೇಲೆ ನಾನು ಹೇಳ್ತೇನೆ, ಒಳಗೆ ದೂಡಿ. ನಾನಿನ್ನು ಅದನ್ನು ಮುಟ್ಟುದಿಲ್ಲ.”

ಮುಂದಿನ ಭಾನುವಾರ ಲೇಕಿನ ತಿರುವಿನಲ್ಲಿ ದೊಡ್ಡಮ್ಮ ಕಾರು ನಿಲ್ಲಿಸಿ, “ಹ್ಞಾ, ಈಗ” ಎಂದರು. ದೊಡ್ಡಪ್ಪ ಕೈ ಚಾಚಿದರು. ಗುಂಡಿ ಬಿಗಿಯಾಗಿತ್ತು, ಬೆರಳು ಜಾರಿತು. ಹಿಂದೆ ಟ್ಯಾಕ್ಸಿ ಹಾರ್ನ್ ಹೊಡೆಯಿತು, ಮಿನಿಬಸ್ಸಿನ ಕಂಡಕ್ಟರ್ ಬಾಗಿಲು ಬಡಿಯುತ್ತ ಕೂಗಿದ. ನಾನು ಸಹಾಯಕ್ಕೆಂದು ಮುಂದೆ ಬಾಗಿದೆ. ದೊಡ್ಡಮ್ಮ ಕನ್ನಡಿಯಲ್ಲೇ ಬೇಡವೆಂದು ತಲೆಯಾಡಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಮುಂದೆ ಕೆಂಪು ದೀಪ ಉರಿಯುತ್ತಿದೆಯೇನೋ ಎಂಬಂತೆ ಕಾದರು. ಹಾರ್ನ್‌ಗಳು ಹೆಚ್ಚಿದವು. ಅವರು ಕದಲಲಿಲ್ಲ.

ಗುಂಡಿ ಕೊನೆಗೂ ಒಳಗೆ ಹೋಯಿತು. ದೊಡ್ಡಪ್ಪ ಹಿಂದಕ್ಕೊರಗಿ, ರಸ್ತೆಯ ಆ ಕಡೆ ಈ ಕಡೆ ಒಮ್ಮೆ ನೋಡಿ, “ಹೊರಡು” ಎಂದರು.