ಒಂದು ಮಗ್ಗಕ್ಕೆ ನಾಲ್ಕು ಜನ

ಕೆಲವರಿಗೆ ಇನ್ನೊಬ್ಬರನ್ನು ಹೊಗಳಲು ಬರುವುದಿಲ್ಲ, ಕೆಲವರಿಗೆ ತೆಗಳಲು ಬರುವುದಿಲ್ಲ. ಬರವಣಿಗೆಯಲ್ಲಿ ನನಗೆ ಎರಡೂ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದೇನೆ. ಎಷ್ಟೋ ಮಕ್ಕಳ ಪ್ರಮಾಣಪತ್ರ ನನ್ನ ಕೈಯಿಂದ ಹೋಗಿದೆ, ಎಲ್ಲದರಲ್ಲೂ ಇರುವುದು ‘ನಡತೆ ತೃಪ್ತಿಕರ’ ಎಂಬ ಎರಡೇ ಪದ. ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಿದ್ದವನದೂ ತೃಪ್ತಿಕರ, ನನ್ನ ಸ್ಕೂಟರಿನ ಗಾಳಿ ಬಿಟ್ಟವನದೂ ತೃಪ್ತಿಕರ. ಗಾಳಿ ಬಿಟ್ಟವನು ಈಗ ನಾನು ದಿನಾ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. ನನ್ನನ್ನು ಕಂಡರೆ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಾನೆ. ಎದ್ದವರ ಅಭಿಪ್ರಾಯವನ್ನು ನಾನು ಕೇಳಲು ಹೋಗಿಲ್ಲ.

ಹೀಗೆ ನೆಮ್ಮದಿಯಾಗಿದ್ದವನನ್ನು ಹೋದ ವರ್ಷ ಹೆಡ್ ಮೇಡಂ ಕರೆದು ಒಂದು ಫಾರಂ ಕೊಟ್ಟರು. ಯಾವುದೋ ಸಂಸ್ಥೆಯವರು ಹದಿಹರೆಯದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ನಾರ್ವೆಗೆ ಕಳಿಸುತ್ತಾರಂತೆ. ಮೂರು ವಾರ ಅಲ್ಲಿಯ ಒಂದು ಮನೆಯಲ್ಲಿದ್ದು, ಅವರ ಸಂಸ್ಕೃತಿ ಇವರು, ಇವರ ಸಂಸ್ಕೃತಿ ಅವರು ತಿಳಿದುಕೊಳ್ಳುವುದು. ಅದೂ ಬೇಸಿಗೆಯಲ್ಲಿ, ಅಂದರೆ ಅವರ ಬೇಸಿಗೆಯಲ್ಲಿ. ನಮ್ಮ ಕಡೆಯವರು ಬೇಸಿಗೆ ಹುಡುಕಿಕೊಂಡು ಅಷ್ಟು ದೂರ ಹೋಗುವುದು ಕೇಳಿ ನನಗೆ ನಗು ಬಂತು. ಒಂಬತ್ತನೇ ತರಗತಿಯ ಭಾರ್ಗವಿ ತನ್ನ ಪಾಲಿನ ಹಾಳೆಗಳನ್ನೆಲ್ಲ ತುಂಬಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಬಾಕಿ ಇದ್ದದ್ದು ಒಬ್ಬ ಶಿಕ್ಷಕರ ಪತ್ರ ಮಾತ್ರ. “ಅವಳು ನಿಮ್ಮ ಹೆಸರೇ ಬರೆದಿದಾಳೆ” ಎಂದರು ಮೇಡಂ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅದು ಫಾರಂ ಓದುವ ತನಕ ಇತ್ತು.

ಮೂರನೇ ಪ್ರಶ್ನೆ ಹೀಗಿತ್ತು: ‘ಈ ವಿದ್ಯಾರ್ಥಿನಿ ನಿಮ್ಮ ಮಾತನ್ನು ಒಪ್ಪದೆ ಇದ್ದ ಒಂದು ಸಂದರ್ಭವನ್ನು ವಿವರಿಸಿ. ಆಗ ನೀವೇನು ಮಾಡಿದಿರಿ?’ ಕೆಳಗೆ ಒಂದು ಸಾಲು, ನಿಮ್ಮ ಭಾಷೆಯಲ್ಲೇ ಬರೆಯಬಹುದು ಎಂದು. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ತಪ್ಪಿಸಿಕೊಳ್ಳುವ ನನ್ನ ದಾರಿಯೂ ಮುಚ್ಚಿತು.

ಸಂದರ್ಭವೇನೋ ಇತ್ತು. ಅವಳು ಎಂಟನೇ ತರಗತಿಯಲ್ಲಿದ್ದಾಗ ನಾನು ವಿಲೋಮ ಅನುಪಾತ ಹೇಳುತ್ತಿದ್ದೆ. ಊರಿಗೆ ಒಪ್ಪುವ ಉದಾಹರಣೆ ಕೊಡಬೇಕೆಂಬುದು ನನ್ನ ಚಟ. ‘ಒಂದು ಸೀರೆಯನ್ನು ಒಬ್ಬ ನೇಕಾರ ಎಂಟು ದಿನದಲ್ಲಿ ನೇಯ್ದರೆ, ನಾಲ್ಕು ಜನ ಎಷ್ಟು ದಿನದಲ್ಲಿ ನೇಯುತ್ತಾರೆ?’ ಎಂದು ಬೋರ್ಡಿನ ಮೇಲೆ ಬರೆದು, ಎರಡು ದಿನ ಎಂದು ಕೆಳಗೆ ಗೆರೆಯನ್ನೂ ಎಳೆದೆ. ಭಾರ್ಗವಿ ಎದ್ದು ನಿಂತಳು. “ಸಾರ್, ಒಂದು ಮಗ್ಗದಾಗೆ ನಾಕು ಜನ ಕೂತ್ರೆ ಸೀರೆ ಆಗಲ್ಲ ಸಾರ್, ಜಗಳ ಆಗ್ತೈತೆ” ಎಂದಳು. ತರಗತಿ ಗೊಳ್ಳೆಂದಿತು. ನಾನು, “ಗಣಿತದಲ್ಲಿ ಆಗುತ್ತೆ. ಹೊರಗೆ ಹೋಗಿ ನಿಂತ್ಕೋ” ಎಂದೆ. ಪಾಪ, ಹೋಗಿ ನಿಂತಳು.

ಇದನ್ನು ಬರೆದರೆ ನನ್ನ ಮರ್ಯಾದೆ ನಾರ್ವೆಯವರೆಗೂ ಹೋಗುತ್ತದೆ. ಹಾಗಾಗಿ ಮನೆಯಲ್ಲಿ ಕೂತು ಎರಡು ಪುಟದ ಬೇರೆಯೇ ಪತ್ರ ಬರೆದೆ. ವಿಧೇಯಳು, ಶಿಸ್ತಿನವಳು, ಗುರುಹಿರಿಯರ ಮಾತು ಮೀರದವಳು. ಮೂರನೇ ಪ್ರಶ್ನೆಗೆ ‘ಅಂಥ ಸಂದರ್ಭ ಬಂದಿಲ್ಲ’ ಎಂದು ಮುಗಿಸಿದೆ. ನನ್ನ ಹೆಂಡತಿ ಗಿರಿಜಾ ಓದಿ, “ರೀ, ಇದು ಹುಡುಗಿ ಬಗ್ಗೆನೋ, ಇಸ್ತ್ರಿ ಮಾಡಿದ ಅಂಗಿ ಬಗ್ಗೆನೋ?” ಎಂದಳು. ಸಹಾನುಭೂತಿ ಸಿಗಬಹುದೆಂದು ಮಗ್ಗದ ಕಥೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಈ ಫಾರಂ ನನಗೆ ಕೊಟ್ಟಿದ್ರೆ ಹಾಳೆ ಸಾಲ್ತಿರಲಿಲ್ಲ. ಆ ಹುಡುಗಿಗೆ ಇರೋದು ಒಂದೇ ಕಥೆ, ಅದನ್ನೂ ಮುಚ್ಚಿಡ್ತೀರಲ್ರೀ!” ಎಂದು ಎದ್ದು ಹೋದಳು.

ಮಾರನೆಯ ದಿನ, ತಂದೆತಾಯಿಯ ಸಹಿ ಬೇಕೆಂಬ ನೆಪದಲ್ಲಿ ಭಾರ್ಗವಿಯ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ನನ್ನದೇ ಸರಿ ಎನ್ನಲು ಏನಾದರೂ ಸಿಗಬಹುದೇ ಎಂದು ಹೋದದ್ದು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅವರಪ್ಪ ನೇಯುತ್ತಿದ್ದರು. ಪಕ್ಕದಲ್ಲಿ ಭಾರ್ಗವಿ ಕೂತು ಅಂಚಿನ ಲಾಳಿಯನ್ನು ತೂರಿಸಿ ಕೊಡುತ್ತಿದ್ದಳು. ಸೀರೆಯ ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು. ಇಬ್ಬರು ಕೂತರೆ ಮಗ್ಗ ತುಂಬಿತು, ಮೂರನೆಯವನಿಗೆ ಮೊಣಕೈ ಇಡಲೂ ಜಾಗವಿಲ್ಲ. ಅವರವ್ವ ನೂಲು ಸುತ್ತುವುದನ್ನು ಬಿಟ್ಟು ಎದ್ದು, ಮಗಳಿಗೆ ತೆಲುಗಿನಲ್ಲಿ “ಏಮೇ, ಸಾರ್‌ಕಿ ನೀಳ್ಳು ತೇ” ಎಂದರು. ಅವಳು ನೀರು ತರಲು ಒಳಗೆ ಹೋದಳು.

“ಕೂಕಳ್ರಿ ಸಾರ್. ಲೆಕ್ಕದ ಮೇಷ್ಟ್ರು ನೀವೇನಾ?” ಎಂದು ಅವರವ್ವ ಕೇಳಿದರು. ಹೌದೆಂದೆ. “ನಾಕು ಜನದ್ದು?” ಎಂದರು.

ಅವರಪ್ಪ ತಲೆ ತಗ್ಗಿಸಿ ಅಂಚನ್ನು ಬಹಳ ಗಮನದಿಂದ ನೋಡತೊಡಗಿದರು, ಭುಜ ಮಾತ್ರ ಕುಲುಕುತ್ತಿತ್ತು. ಇಡೀ ಬೀದಿಗೆ ನಾನು ವರ್ಷದಿಂದ ಪರಿಚಿತ ಎಂದು ಆಗ ತಿಳಿಯಿತು. ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವರವ್ವ, “ಅವತ್ತು ಬಂದು ಭಾಳ ಅತ್ಲು ಸಾರ್. ನಾನು ಬೈದೆ, ಮೇಷ್ಟ್ರಿಗೆ ಎದುರು ಮಾತಾಡ್ತಾರೇನೇ ಅಂತ. ಅದಕ್ಕೆ ಅವಳು, ಸಾರ್ ಲೆಕ್ಕ ತಪ್ಪಲ್ಲವ್ವ, ನಾಕು ಮಗ್ಗ ಐತೆ ಅಂತ ಬರೆಯೋದು ಮರ್ತಿದಾರೆ, ಆವಾಗ ಎಂಟು ದಿನಕ್ಕೆ ನಾಕು ಸೀರೆ ಆಗ್ತಾವೆ ಅಂದ್ಲು” ಎಂದರು.

ನನಗೆ ನಾಚಿಕೆಯಾಯಿತು. ತನ್ನನ್ನು ಬಿಸಿಲಲ್ಲಿ ನಿಲ್ಲಿಸಿದ ಮೇಷ್ಟ್ರನ್ನು ಬಚಾವು ಮಾಡಲು ಹದಿಮೂರು ವರ್ಷದ ಹುಡುಗಿ ಅಳುತ್ತಲೇ ದಾರಿ ಹುಡುಕಿದ್ದಳು. ನಾನು ಅವಳಿಗೆ ಸಿಗುವ ಒಂದು ಅವಕಾಶವನ್ನು ನನ್ನ ಮರ್ಯಾದೆಗಾಗಿ ಹಾಳು ಮಾಡಲು ಹೊರಟಿದ್ದೆ. ಅಲ್ಲೇ ಜಗುಲಿಯ ಮೇಲೆ ಕೂತು ಮೂರನೇ ಪ್ರಶ್ನೆಗೆ ಉತ್ತರ ಬರೆದೆ. ಬರೆದದ್ದನ್ನು ಭಾರ್ಗವಿಗೇ ತೋರಿಸಿದೆ. ಅವಳು ಎರಡು ಸಲ ಓದಿದಳು.

“ಏನಾದ್ರೂ ತಪ್ಪೈತಾ?” ಎಂದೆ.

“ಒಂದು ಪೀರಿಯಡ್ ನಿಲ್ಲಿಸಿದೆ ಅಂತ ಬರ್ದಿದೀರಿ ಸಾರ್. ಮಾರನೆ ದಿನಾನೂ ನಿಲ್ಸಿದ್ರಿ.”

ಹೊಡೆದು ಹಾಕಿ ಎರಡು ಎಂದು ತಿದ್ದಿದೆ.

ಎರಡು ತಿಂಗಳ ನಂತರ ಅವಳು ಆಯ್ಕೆಯಾದ ಸುದ್ದಿ ಬಂತು. ಆಯ್ಕೆಯವರು ನನ್ನ ಪತ್ರವನ್ನು ಗಟ್ಟಿಯಾಗಿ ಓದಿಸಿದರೆಂದು ಹೆಡ್ ಮೇಡಂ ಹೇಳಿದರು. “ಮೇಷ್ಟ್ರ ಬಗ್ಗೆ ಏನಾದ್ರೂ ಅಂದ್ರಾ?” ಎಂದು ಕೇಳದಿರಲು ನನ್ನಿಂದಾಗಲಿಲ್ಲ. “ಏನೂ ಅನ್ನಲಿಲ್ಲ, ನಕ್ರಂತೆ” ಎಂದರು. ಭಾರ್ಗವಿ ಹೋಗಿ ಬಂದಳು. ನನಗೊಂದು ಚಾಕೊಲೇಟು ಕೊಟ್ಟು, “ಅಲ್ಲಿ ಮೇಷ್ಟ್ರನ್ನ ಹೆಸರು ಹಿಡ್ದು ಕರೀತಾರೆ ಸಾರ್” ಎಂದಳು. ಅವರ ಸಂಸ್ಕೃತಿಯಲ್ಲಿ ಅದೊಂದನ್ನು ಅಲ್ಲೇ ಬಿಟ್ಟು ಬರಬೇಕಿತ್ತು ಎಂದೆ.

ಈ ವರ್ಷ ಮತ್ತೆ ಅರ್ಜಿ ಕರೆದಿದ್ದಾರೆ. ನಿನ್ನೆ ಊಟದ ಬಿಡುವಿನಲ್ಲಿ ಆರು ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಮೂರನೇ ಪ್ರಶ್ನೆಗೆ ನಾನು ಕಷ್ಟಪಡಬಾರದೆಂದು, ನಾನು ಯಾವಾಗ ಏನು ತಪ್ಪು ಮಾಡಿದೆ, ತಾವು ಹೇಗೆ ಒಪ್ಪಲಿಲ್ಲ, ನಾನು ಹೇಗೆ ಬೈದೆ ಎಂಬುದನ್ನು ಒಬ್ಬೊಬ್ಬರೂ ನೀಟಾಗಿ ಬರೆದು ತಂದಿದ್ದರು. ಮನೆಗೆ ತಂದು ಓದಿದೆ. ನಾಲ್ಕರಲ್ಲಿ ತಪ್ಪು ನನ್ನದೇ, ಅನುಮಾನವಿಲ್ಲ. ಉಳಿದೆರಡರಲ್ಲಿ, ದೇವರಾಣೆ, ನಾನೇ ಸರಿ. ಆದರೆ ಹಾಗೆಂದು ಬರೆದರೆ ಆ ಇಬ್ಬರಿಗೂ ನಾರ್ವೆ ತಪ್ಪಿಹೋಗುತ್ತದೆ. ಬೆಳಗಿನಿಂದ ಕೂತು, ಮಾಡದೇ ಇದ್ದ ಆ ಎರಡು ತಪ್ಪುಗಳನ್ನು ನಂಬುವ ಹಾಗೆ ಬರೆಯಲು ಒದ್ದಾಡುತ್ತಿದ್ದೇನೆ. ಗಿರಿಜಾ ಬಂದು ಇಣುಕಿ ನೋಡಿ, ಎರಡೂ ಬಹಳ ಸಹಜವಾಗಿ ಬಂದಿವೆ ಎಂದಳು.