ಕೋವಿಯ ವಯಸ್ಸು ಹೇಳಲು ಹೋಗಿ

ಮರ ನೋಡಿ ಕೋವಿಯ ವಯಸ್ಸು ಹೇಳುವ ಮಹಾವಿದ್ಯೆ ನನಗೆ ಮೂರೇ ವಾರದಲ್ಲಿ ಸಿದ್ಧಿಸಿತ್ತು. ಲೈಬ್ರರಿಯ ಒಂದು ದಪ್ಪ ಪುಸ್ತಕ, ಒಂದು ಭೂತಗನ್ನಡಿ, ಇಷ್ಟೇ ನನ್ನ ಬಂಡವಾಳ. ಕೋವಿಯ ಕಬ್ಬಿಣ ಮೋಸ ಮಾಡಬಹುದು, ಭುಜಕ್ಕೆ ಆನಿಸುವ ಮರದ ಹಿಡಿ ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಮನೆಯಲ್ಲಿ ದಿನಕ್ಕೆರಡು ಸಲ ಸಾರುತ್ತಿದ್ದೆ. ಹೆಂಡತಿ ಪ್ರತಿಸಲವೂ ಗ್ಯಾಸ್ ಮುಗಿದಿದೆ ಎನ್ನುತ್ತಿದ್ದಳು.

ಭಾನುವಾರ ಮಾವನ ಮನೆಗೆ ಹೋದೆವು. ಮಾವ ನಿವೃತ್ತ ಮರಗೆಲಸದ ಮೇಷ್ಟರು. ಗೋಡೆಯ ಮೇಲಿದ್ದ ಬೇಟೆಯ ರೈಫಲ್ ಇಳಿಸಿ, ಗುಂಡಿಲ್ಲವೆಂದು ತೋರಿಸಿ, ನನ್ನ ತೊಡೆಯ ಮೇಲಿಟ್ಟರು. ನಾನು ಭೂತಗನ್ನಡಿ ಹಿಡಿದು ಉಪನ್ಯಾಸ ಶುರುಮಾಡಿದೆ. ಕೈ ಜಾರದಂತೆ ಕೊರೆದ ಗೀರುಗಳು ಸವೆದು ನುಣ್ಣಗಾಗಿವೆ, ಅಂದರೆ ಮೂರು ತಲೆಮಾರಿನ ಬೇಟೆಗಾರರ ಬೆವರು ಕುಡಿದಿವೆ. ಮರ ಕಪ್ಪಿಟ್ಟಿದೆ, ಅಂದರೆ ಕಾರ್ಖಾನೆಯಿಂದ ಬಂದ ಅಸಲಿ ಮರವೇ.

"ಕಡಿಮೆ ಅಂದ್ರೂ ನೂರು ವರ್ಷ, ಮಾವ."

ತಮ್ಮ ಶಿಷ್ಯರೂ ಮೊದಲ ವಾರ ಇಷ್ಟೇ ಧೈರ್ಯವಾಗಿ ಮಾತಾಡುತ್ತಿದ್ದರು ಎಂದಷ್ಟೇ ಹೇಳಿದರು ಮಾವ. ಸಾಕು, ಗೋಡೆಗೆ ನೇತುಹಾಕಿ ಎಂದಳು ಹೆಂಡತಿ. ಅಷ್ಟಕ್ಕೇ ನಿಂತರೆ ಪಂಡಿತನೆಂದು ಯಾರು ಕರೆಯುತ್ತಾರೆ? ಹಿಡಿಯ ತುದಿಯ ಕಬ್ಬಿಣದ ತಗಡಿನ ಕೆಳಗೆ ತಯಾರಕರು ಇಸವಿ ಒತ್ತಿರುತ್ತಾರೆಂದು ಪುಸ್ತಕದಲ್ಲಿತ್ತು. ಇದ್ದದ್ದು ಎರಡೇ ಸ್ಕ್ರೂ. ಮೊದಲನೆಯದು ಬಂತು. ಎರಡನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟೆ, ಬೈದೆ, ಕೊನೆಗೆ ತಗಡಿನ ಸಂದಿಗೆ ಅಡುಗೆಮನೆಯ ಚಾಕು ತೂರಿಸಿ ಮೀಟಿದೆ.

ಟಪ್ಪೆಂದು ಸದ್ದಾಯಿತು. ತಗಡೇನೋ ಕಿತ್ತು ಬಂತು. ಜೊತೆಗೆ ಬೆರಳುದ್ದದ ಮರದ ಚಕ್ಕೆಯೊಂದು ಹಾರಿ ಅತ್ತೆಯ ಟೀ ಕಪ್ಪಿಗೆ ಬಿತ್ತು. ಅತ್ತೆ ಅದನ್ನು ಚಮಚದಲ್ಲಿ ಎತ್ತಿ, ಒರೆಸಿ, ಗಂಡನ ಕೈಗೆ ಕೊಟ್ಟರು. ನನ್ನ ಕಿವಿ ಬಿಸಿಯಾಯಿತು.

ತಗಡು ಕಿತ್ತ ಜಾಗದಲ್ಲಿ, ಮರದ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಹೆಂಡತಿ ಕೋವಿ ಕಿತ್ತುಕೊಂಡು ಓದಿದಳು: "ಹಳೆಯ ಹಿಡಿಗೆ ಗೆದ್ದಲು. ಹೊಸದು ಕೆತ್ತಿದೆ. ಇಂದು ಬೆಳಿಗ್ಗೆ ಮಗಳು ಹುಟ್ಟಿದಳು."

ಅಕ್ಷರ ಮಾವನದು. ಮಗಳು ನನ್ನ ಹೆಂಡತಿ. ಅವಳು ಕೋವಿಯನ್ನು ಮೆಲ್ಲಗೆ ಕೆಳಗಿಟ್ಟು ಕೇಳಿದಳು:

"ಈಗ ಹೇಳಿ, ನನ್ನ ವಯಸ್ಸು ಎಷ್ಟು ಅಂದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಒಳಗಿನಿಂದ ಅಂಟಿನ ಡಬ್ಬಿ ತಂದು ನನ್ನ ಮುಂದಿಟ್ಟರು.

"ಅಳಿಯಂದಿರೇ, ಮೊದಲು ತುಟಿಗೆ ಹಚ್ಚಿಕೊಳ್ಳಿ. ಮಿಕ್ಕಿದ್ರೆ ಮರಕ್ಕೆ."