ಹಳದಿ ದಡದ ಹೆಣ್ಣು ಮೀನು

ಆಫ್ರಿಕಾದ ದೊಡ್ಡ ಸರೋವರಕ್ಕೆ ಧುಮುಕಿ, ಬರಿಗೈಯಲ್ಲಿ ಸಿಕ್ಲಿಡ್ ಅನ್ನೋ ಬಣ್ಣದ ಮೀನು ಹಿಡಿದು ನಮ್ಮೂರು ವಾಡಿಗೆ ತಂದವನು ನಾನೇ. ಸುಳ್ಳು ಬಿಡ್ರಿ. ನನಗೆ ಈಜು ಬರೋದಿಲ್ಲ. ಮೀನು ರೈಲಿನ ಪಾರ್ಸೆಲ್ಲಿನಲ್ಲಿ ಬಂದವು. ಆದರೆ ಆ ಸರೋವರದಲ್ಲಿ ಒಂದೇ ಜಾತಿಯ ಮೀನು ಒಂದು ದಡಕ್ಕೆ ಹಳದಿ, ಇನ್ನೊಂದು ದಡಕ್ಕೆ ನೀಲಿ ಇರುತ್ತದೆ ಅನ್ನೋದು ಖರೇ. ಇಂಥ ಮೀನು ಮಾರುವವನಿಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಒಂದು ಫಜೀತಿಯಲ್ಲಂತೂ ನನ್ನ ತಮ್ಮನ ಮದುವೆಯೇ ತೂಗಾಡಿತ್ತು. ಚಹಾ ಕುಡೀರಿ, ಅದನ್ನು ಕಡೆಗೆ ಹೇಳ್ತೀನಿ.

ಶಹಾಬಾದದ ಪಾಲಿಶ್

ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಹೊಡೆಸುವ ಮಾಲಕರೊಬ್ಬರು ನೀಲಿ ಗಂಡು ಮೀನು ಒಯ್ದು, ಗಾಜಿನ ತೊಟ್ಟಿಯ ತಳಕ್ಕೂ ಹಿಂದಕ್ಕೂ ತಮ್ಮದೇ ಬಿಳಿಚು ಫರಸಿಕಲ್ಲು ಜೋಡಿಸಿದರು. ಬಿಳುಪಿನ ನಡುವೆ ಈ ಮೀನು ತಾನೇ ಬಣ್ಣ ಇಳಿಸಿಬಿಡುತ್ತದೆ. ಎಂಟು ದಿನಕ್ಕೆ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಒದ್ದೆ ಕರವಸ್ತ್ರ ಹಿಡಿದು ಬಂದರು.

“ಒರಸಿ ನೋಡೀನಿ, ಬಟ್ಟಿಗಿ ಹತ್ತವಲ್ದು. ಮತ್ತ ಬಣ್ಣ ಎಲ್ಲಿ ಹೋತು ಹೇಳು.”

“ಆ ಫರಸಿ ತೆಗೀರಿ ಮಾಲಕರ, ಕರಿ ಕಲ್ಲು ಇಡ್ರಿ.”

“ನನ್ನ ಮನ್ಯಾಗ ಬ್ಯಾರೆ ಊರ ಕಲ್ಲು? ಮಂದಿ ಏನಂದಾರು?”

ಮೀನು ಬಿಳಿಚಿಕೊಂಡೇ ಉಳಿಯಿತು. ಈಗ ಮನೆಗೆ ಬಂದವರಿಗೆಲ್ಲ ತೋರಿಸಿ ಹೇಳುತ್ತಾರೆ: “ಇದಕ್ಕ ನಮ್ಮ ಕಾರ್ಖಾನಿದೇ ಪಾಲಿಶ್ ರೀ.”

ಚಿತ್ತಾಪುರದ ಕಾಕಾ

ಆಫ್ರಿಕಾದ ದಡಗಳ ಹೆಸರು ಗಿರಾಕಿಗಳ ನಾಲಿಗೆಗೆ ಹೊರಳುವುದಿಲ್ಲ. ಅದಕ್ಕೆ ಹಳದಿ ಮೀನಿನ ತೊಟ್ಟಿಗೆ ‘ಸೇಡಂ’, ನೀಲಿಗೆ ‘ಚಿತ್ತಾಪುರ’, ಕೆಂಪಿಗೆ ‘ಚಿಂಚೋಳಿ’ ಅಂತ ಚೀಟಿ ಹಚ್ಚಿದೆ. ಚಿತ್ತಾಪುರದ ಕಾಕಾ ಒಬ್ಬರು ಹಳದಿ ಮೀನಿನ ಮುಂದೆ ಅರ್ಧ ತಾಸು ನಿಂತರು.

“ಕಟ್ಟಿ ಕೊಡ್ಲೇನು ಕಾಕಾ?”

“ಮನಸ್ಸೇನೋ ಅದರ ಮ್ಯಾಲೇ ಅದ. ಆದ್ರ ನಮ್ಮ ಮನ್ಯಾಗ ಸೇಡಂ ಮೀನು? ನಾ ಓಣ್ಯಾಗ ತಲಿ ಎತ್ತಿ ತಿರುಗೋದು ಬ್ಯಾಡೇನು?”

ಅವರ ಕಣ್ಣೆದುರೇ ಎರಡೂ ಚೀಟಿ ಕಿತ್ತು ಅದಲುಬದಲು ಮಾಡಿ ಹಚ್ಚಿದೆ. ಕಾಕಾ ಚಾಳೀಸು ಸರಿಮಾಡಿಕೊಂಡು ಮತ್ತೆ ಬಗ್ಗಿ ನೋಡಿದರು.

“ಹಾಂ, ಈಗ ನೋಡು. ಮುಖದಾಗೇ ನಮ್ಮೂರ ಕಳಾ ಕಾಣಲಕತ್ತದ.”

ಸೇಡಂದ ಮಾಸ್ತರರು

ಈಗ ತಮ್ಮನ ಮದುವೆ. ಹುಡುಗ ಹುಡುಗಿ ಒಪ್ಪಿದ್ದರು. ಒಪ್ಪಬೇಕಾದವರು ಹುಡುಗಿಯ ಅಪ್ಪ, ಸೇಡಂದ ನಿವೃತ್ತ ಮಾಸ್ತರರು. ಅವರ ಮನೆಯಲ್ಲೊಂದು ಹಳದಿ ಗಂಡು ಮೀನಿತ್ತು. ಒಂದು ದಡದ ಮೀನನ್ನು ಇನ್ನೊಂದು ದಡದ್ದರ ಜೊತೆ ಬೆರೆಸುವುದು ಮೀನು ಸಾಕುವ ಶೋಕಿಯವರಲ್ಲಿ ದೊಡ್ಡ ತಪ್ಪು.

“ಅದೇ ದಡದ ಹೆಣ್ಣು ತಂದು ಕೊಡ್ರಿ,” ಅಂದರು. “ಮೀನಿನ ವಿಷಯದಾಗ ಮಾತಿಗಿ ನಿಂತವರು ನನ್ನ ಮಗಳ ವಿಷಯದಾಗೂ ನಿಲ್ತಾರ. ಮರಿ ಬಣ್ಣಕ್ಕ ಬರ್ಲಿ, ಆಮ್ಯಾಲ ನಿಶ್ಚಯ.”

ನನ್ನ ಬಳಿ ಇದ್ದದ್ದು ನೀಲಿ ದಡದ ಹೆಣ್ಣು. ಆದರೆ ಯಾವ ದಡದ್ದಾದರೂ ಹೆಣ್ಣಿಗೆ ಬರೀ ಬೂದಿ ಬಣ್ಣ. ದೇವರಿಗೂ ಗುರುತು ಸಿಗದು. “ಚೊಕ್ಕ ಹಳದಿ ದಡದ್ದು ರೀ ಮಾಸ್ತರ,” ಅಂತ ಆಣೆ ಮಾಡಿ ಕೊಟ್ಟೆ.

ಎಷ್ಟೋ ತಿಂಗಳ ಮೇಲೆ ಫೋನು. “ಮರಿ ಬಣ್ಣಕ್ಕ ಬಂದಾವ. ತಮ್ಮಗ ಕರಕೊಂಡು ಬರ್ರಿ.”

ಬಸ್ಸಿನಲ್ಲಿ ತಮ್ಮನಿಗೆ ಖರೇ ಸಂಗತಿ ಹೇಳಿದೆ. “ಅಣ್ಣಾ, ನಿನಗ ಚ್ಯಾಷ್ಟಿ ಮಾಡ್ಲಿಕ್ಕ ನನ್ನ ಮದುವೀನೇ ಬೇಕಿತ್ತೇನು?” ಅಂದವನು ಸೇಡಂ ಬರುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ತೊಟ್ಟಿಯೊಳಗಿನ ಮರಿಗಳು ಮುಂದೆ ಹಳದಿ, ಹಿಂದೆ ನೀಲಿ. ನನ್ನ ತಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕಡೆ ನೋಡಿದ. ನಾನು ಬಾಯಿ ತೆರೆದೆ. ಮಾಸ್ತರರು ಕೈ ಅಡ್ಡ ಹಿಡಿದರು.

“ಸುಮ್ಮ ಕುಂದ್ರಿ. ತಪ್ಪು ನಂದೇ. ನನ್ನ ಗಂಡು ಮೀನಿನ ಅವ್ವ ನೀಲಿ ದಡದಾಕಿ. ಮುಚ್ಚಿಟ್ಟಿದ್ದೆ. ನೀವು ನಂಬಿ ಚೊಕ್ಕ ಹೆಣ್ಣು ಕೊಟ್ರಿ, ನಾ ಅದರ ಬಾಳ್ವಿ ಹಾಳು ಮಾಡ್ದೆ. ಈಗ ನಮ್ಮ ಮನಿ ಸಂಬಂಧ ಬ್ಯಾಡಂದ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ನಾನು ಮರಿಗಳನ್ನೇ ನೋಡುತ್ತ ದೊಡ್ಡದೊಂದು ಉಸಿರು ಬಿಟ್ಟೆ.

“ಏನ್ ಮಾಡೋದ್ರಿ ಮಾಸ್ತರ, ಹಿರೇರು ನೀವು. ಈ ಸಲಕ್ಕ ಮಾಫ್ ಮಾಡೀನಿ. ನಿಶ್ಚಯ ಇವತ್ತೇ ಮುಗಿಸಿಬಿಡ್ರಿ.”

ಈ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ, ನಾನು ಸೇಡಂ ಬಸ್ಸು ಹಿಡೀಬೇಕು. ಬೀಗರು ಚೊಕ್ಕ ಹಳದಿ ದಡದ್ದು ಇನ್ನೊಂದು ಹೆಣ್ಣು ಕೇಳ್ಯಾರ.